ಸೈಲೆನ್ಸರ್ ಮನೆಯಲ್ಲೇ ಮಾಡ್ತೀರಾ? ಮೊದಲು ನೀರಿಗೆ ದಾರಿ ಬಿಡಿ

ಮಳೆಗಾಲ ಮುಗಿದರೆ ಸಾಕು, ಒಂದೇ ಥರದ ಪ್ರಶ್ನೆಗಳು ಬರಲು ಶುರು. ಜೂನ್‌ನಿಂದ ಕೆಸರಲ್ಲಿ ಓಡಿದ ಗಾಡಿ ಅಕ್ಟೋಬರ್ ಹೊತ್ತಿಗೆ ಟ್ರ್ಯಾಕ್ಟರ್ ಥರ ಗುಡುಗುತ್ತದೆ. ಆಗ ನನ್ನ ನೆನಪಾಗುತ್ತದೆ. ಈ ಸಲ ಒಂದು ಪ್ರಶ್ನೆಗೆ ಮಾತ್ರ ಉದ್ದ ಉತ್ತರ. ಉಳಿದವರು ಬೇಜಾರು ಮಾಡ್ಕೋಬೇಡಿ.

ಅಂದಹಾಗೆ, ಕೆಲವರು ‘ಮಫ್ಲರ್’ ಅಂತ ಬರೆಯುತ್ತಾರೆ. ಮಡಿಕೇರಿಯಲ್ಲಿ ಮಫ್ಲರ್ ಅಂದರೆ ಕಿವಿಗೆ ಸುತ್ತಿಕೊಳ್ಳುವುದು. ನಾನು ಸೈಲೆನ್ಸರ್ ಅಂತಲೇ ಬರೆಯುತ್ತೇನೆ.

ಪ್ರಶ್ನೆ: ತೋಟದ ಕೆಲಸಕ್ಕೆ ಹಳೇ ಪೆಟ್ರೋಲ್ ಜೀಪ್ ಇದೆ, 2.2 ಲೀಟರ್ ಎಂಜಿನ್. ಸೈಲೆನ್ಸರ್ ತೂತು ಬಿದ್ದಿದೆ, ಎರಡು ವರ್ಷದಲ್ಲಿ ಇದು ಎರಡನೇ ಸಲ. ಮನೆಯಲ್ಲಿ ವೆಲ್ಡಿಂಗ್ ಮಿಷನ್ ಇರುವುದರಿಂದ ನಾನೇ ಮಾಡೋಣ ಅಂದುಕೊಂಡಿದ್ದೇನೆ. ನೀರಿನ ಜಿಐ ಪೈಪ್ ಉಳಿದಿದೆ, ಅದಕ್ಕೆ ತುಕ್ಕು ಹಿಡಿಯಲ್ಲ ಅಲ್ವಾ? ಒಳಗೆ ತೆಂಗಿನ ನಾರು ತುಂಬಿ ಅಂತ ಒಬ್ಬರು ಹೇಳಿದರು. ತಗಡು ಎಷ್ಟು ದಪ್ಪ ಇರಬೇಕು?
– ನಾಪೋಕ್ಲು ಕಡೆಯ ಓದುಗರು

ಉತ್ತರ: ಎಲ್ಲರೂ ಕೇಳುವುದು ತಗಡಿನ ದಪ್ಪ. ನೀರಿನ ಬಗ್ಗೆ ಒಬ್ಬರೂ ಕೇಳಲ್ಲ. ಹಳೇ ಸೈಲೆನ್ಸರನ್ನು ಗುಜರಿಗೆ ಹಾಕುವ ಮೊದಲು ಗ್ರೈಂಡರ್ ಹಿಡಿದು ಉದ್ದಕ್ಕೆ ಸೀಳಿ ನೋಡಿ. ಮೇಲಿನ ಅರ್ಧ ಮಸಿ ಹಿಡಿದು ಗಟ್ಟಿಯಾಗೇ ಇರುತ್ತದೆ. ಕೆಳಗಿನ ಭಾಗ, ಅದರಲ್ಲೂ ಹಿಂದಿನ ಮುಚ್ಚಳದ ಬೆಸುಗೆಯ ಹತ್ತಿರ, ಒಣಗಿದ ಕಾಫಿ ಸಿಪ್ಪೆಯಂತೆ ಪದರ ಪದರವಾಗಿ ಕೈಗೆ ಬರುತ್ತದೆ. ಹೊರಗಿನ ಕೆಸರು ಅಷ್ಟು ಮಾಡಿದ್ದಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ. ಅದು ಹಬೆಯಾಗಿ ಹೊರಗೆ ಹೋಗಬೇಕು. ಸೈಲೆನ್ಸರ್ ತಣ್ಣಗಿದ್ದರೆ ಒಳಗೇ ಬೆವರಿ ತಳಕ್ಕೆ ಇಳಿಯುತ್ತದೆ. ಹೊಗೆಯಲ್ಲಿರುವ ಆಮ್ಲವೂ ಆ ನೀರಿಗೇ ಸೇರುತ್ತದೆ.

ನಿಮ್ಮ ಜೀಪ್ ಲೈನ್ ಮನೆಯಿಂದ ಕಣಕ್ಕೆ, ಕಣದಿಂದ ಗೋಡೌನಿಗೆ ಓಡುತ್ತದೆ. ಹೆಚ್ಚೆಂದರೆ ಎರಡು ಕಿಲೋಮೀಟರ್. ಆ ಚಳಿಗೆ ಸೈಲೆನ್ಸರ್ ಪೂರ್ತಿ ಕಾಯುವುದೇ ಇಲ್ಲ. ದಿನಾ ಮೈಸೂರಿಗೆ ಹೋಗಿ ಬರುವ ಗಾಡಿಯ ಸೈಲೆನ್ಸರ್ ಜಾಸ್ತಿ ಬಾಳಿಕೆ ಬರುವುದು ಅದಕ್ಕೇ.

ಈಗ ಜಿಐ ಪೈಪ್. ಬೇಡ. ಅದರ ಮೇಲಿರುವುದು ಸತುವಿನ ಲೇಪ. ಸತು ಕರಗುವುದು 419 ಡಿಗ್ರಿಗೆ. ವೆಲ್ಡಿಂಗ್ ಕಿಡಿ ತಗುಲಿದ ಕಡೆ ಅದು ಬಿಳಿ ಹೊಗೆಯಾಗಿ ಎದ್ದು ಹೋಗುತ್ತದೆ. ಅಂದರೆ ಬೆಸುಗೆ ಹಾಕಿದ ಜಾಗದಲ್ಲೇ, ಮೊದಲು ತೂತು ಬೀಳುವ ಜಾಗದಲ್ಲೇ, ಲೇಪ ಇಲ್ಲ. ಆ ಹೊಗೆ ಕುಡಿದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಕೆಲಸ ಕಲಿಯುವಾಗ ಒಂದು ಮಧ್ಯಾಹ್ನ, ಹೊರಗೆ ಮಳೆ ಅಂತ ಶೆಡ್ಡಿನ ಬಾಗಿಲು ಹಾಕಿಕೊಂಡು ಜಿಐ ಬೆಸೆದೆ. ರಾತ್ರಿ ಎರಡು ಕಂಬಳಿ ಹೊದ್ದರೂ ನಡುಕ ನಿಲ್ಲಲಿಲ್ಲ. ಬಾಯಲ್ಲಿ ತಾಮ್ರದ ಕಾಸು ಇಟ್ಟುಕೊಂಡಂಥ ರುಚಿ. ಮಲೇರಿಯಾ ಅಂದುಕೊಂಡೆವು. ಮರುದಿನ ತಾನಾಗೇ ಇಳಿಯಿತು. ವೆಲ್ಡರ್‌ಗಳಿಗೆ ಇದು ಹೊಸದಲ್ಲ. ಹಾಲು ಕುಡಿದರೆ ಸರಿಹೋಗುತ್ತೆ ಅಂತ ಇವತ್ತಿಗೂ ಹೇಳುವವರಿದ್ದಾರೆ. ಹಾಲು ಹೊಟ್ಟೆಗೆ ಹೋಗುತ್ತದೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಇಷ್ಟು ಸಾಕಲ್ವಾ?

ನಾರು ತುಂಬಿ ಅಂದವರು ಯಾರೋ, ಅವರ ಗಾಡಿಗೇ ಮೊದಲು ತುಂಬಿಸಿ. ಅರ್ಧ ಗಂಟೆಯಲ್ಲಿ ನಾರು ಹೊತ್ತಿ, ಬೂದಿ ಹಿಂದಿನಿಂದ ಹಾರುತ್ತದೆ. ಪಾತ್ರೆ ಉಜ್ಜುವ ಸ್ಟೀಲ್ ನಾರೂ ಅಷ್ಟೇ, ಸಣ್ಣ ಎಳೆ ಬೇಗ ಪುಡಿಯಾಗುತ್ತದೆ. ಕಲ್ನಾರಿನ (ಆಸ್ಬೆಸ್ಟಾಸ್) ಹಗ್ಗ ಅಂತೂ ಮುಟ್ಟಲೇಬೇಡಿ. ತುಂಬಲೇಬೇಕಿದ್ದರೆ ಬಸಾಲ್ಟ್ ಕಲ್ಲಿನ ಉಣ್ಣೆ ಇದೆ. ಆದರೆ ನಮ್ಮ ಕಡೆಗೆ ನಾನು ಅದನ್ನೂ ಹೇಳಲ್ಲ. ಯಾವ ಉಣ್ಣೆಯಾದರೂ ನೀರು ಹಿಡಿದು ಕೂರುತ್ತದೆ, ತಗಡನ್ನು ವರ್ಷವಿಡೀ ಒದ್ದೆಯಾಗಿ ಇಡುತ್ತದೆ. ನಿಮಗೆ ಬೇಕಾದ್ದು ಕೋಣೆ ಸೈಲೆನ್ಸರ್, ಒಳಗೆ ಏನೂ ತುಂಬದ್ದು.

ಲೋಹ ಯಾವುದು? ಎಂಎಸ್, ಅಂದರೆ ಮಾಮೂಲಿ ಕಬ್ಬಿಣದ ತಗಡಾದರೆ 16 ಗೇಜ್, ಅಂದರೆ ಸುಮಾರು 1.6 ಮಿ.ಮೀ. ಅಗ್ಗ, ಬೆಸೆಯುವುದೂ ಸುಲಭ, ಆದರೆ ಇನ್ನೆರಡು ಮಳೆಗಾಲ ಕಳೆದರೆ ಮತ್ತೆ ಇದೇ ಪ್ರಶ್ನೆ ಬರೆಯುತ್ತೀರಿ. ಎಸ್‌ಎಸ್ 409 ಅನ್ನುವ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಸುಮಾರು 11 ಶೇಕಡಾ ಕ್ರೋಮಿಯಂ ಇದೆ. ಎಷ್ಟೋ ಕಂಪನಿ ಗಾಡಿಗಳಲ್ಲಿ ಇರುವುದು ಇದೇ. ಮೇಲೆ ಕಂದು ಬಣ್ಣ ಬರುತ್ತದೆ, ಹೆದರಬೇಡಿ, ಒಳಕ್ಕೆ ಇಳಿಯುವುದು ನಿಧಾನ. ಎಸ್‌ಎಸ್ 304 ಇನ್ನೂ ಒಳ್ಳೆಯದು. 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕಲ್. ದುಡ್ಡಿದ್ದರೆ 304ರ 1.2 ಮಿ.ಮೀ. ತಗಡು ತನ್ನಿ, ಮುಚ್ಚಳಗಳಿಗೆ 2 ಮಿ.ಮೀ. ಅಯಸ್ಕಾಂತ ಹಿಡಿದು ನೋಡಿ ‘ಅಂಟಿತು, ಇದು ಸ್ಟೇನ್‌ಲೆಸ್ ಅಲ್ಲ’ ಅಂತ ಅಂಗಡಿಯವರ ಜೊತೆ ಜಗಳ ಮಾಡಬೇಡಿ. 409ಕ್ಕೆ ಅಯಸ್ಕಾಂತ ಅಂಟುತ್ತದೆ.

304 ಬೆಸೆಯಲು 308ಎಲ್ ನಂಬರಿನ ವೆಲ್ಡಿಂಗ್ ರಾಡ್. ಮುಂದಿನ ಎಂಎಸ್ ಪೈಪಿಗೆ ಸೇರಿಸುವ ಕಡೆ 309. ಮಾಮೂಲಿ ರಾಡ್ ಹಾಕಿದರೆ ಸ್ಟೀಲ್ ಉಳಿದು ಬೆಸುಗೆ ಕೊಳೆಯುತ್ತದೆ. ಎಂಎಸ್ ಉಜ್ಜಿದ ತಂತಿ ಬ್ರಷ್ಷನ್ನೇ ಸ್ಟೀಲಿಗೂ ಹಾಕಬೇಡಿ, ಬ್ರಷ್ ಓಡಿದ ಗೆರೆಯಲ್ಲೇ ತುಕ್ಕಿನ ಚುಕ್ಕೆ ಏಳುತ್ತದೆ. ಬ್ಯಾಟರಿ ವೈರ್ ಕಳಚುವುದನ್ನೆಲ್ಲ ನಾನು ಹೇಳಬೇಕಾಗಿಲ್ಲ.

ಅಳತೆ: 150 ಮಿ.ಮೀ. ವ್ಯಾಸ, 450 ಮಿ.ಮೀ. ಉದ್ದ ಇಟ್ಟರೆ ಸುಮಾರು 8 ಲೀಟರ್ ಜಾಗ ಸಿಗುತ್ತದೆ. ನಿಮ್ಮ ಎಂಜಿನ್ನಿಗೆ ಅದಕ್ಕಿಂತ ಚಿಕ್ಕದು ಬೇಡ. ಒಳಗೆ ಎರಡು ಅಡ್ಡ ತಗಡು ಕೊಟ್ಟು ಮೂರು ಕೋಣೆ ಮಾಡಿ. ಮೂರೂ ಒಂದೇ ಉದ್ದ ಬೇಡ, ಯಾಕೆಂದರೆ ಒಂದೊಂದು ಉದ್ದದ ಕೋಣೆ ಒಂದೊಂದು ಸ್ವರವನ್ನು ತಡೆಯದೆ ಬಿಡುತ್ತದೆ. ಒಂದು ಬಿಟ್ಟಿದ್ದನ್ನು ಇನ್ನೊಂದು ಹಿಡಿಯಲಿ. ಒಳಗೆ ಬರುವ ಪೈಪೂ ಹೊರಗೆ ಹೋಗುವ ಪೈಪೂ ಒಂದೇ ನೇರದಲ್ಲಿ ಇರಬಾರದು. ಪೈಪಿನ ಒಳವ್ಯಾಸ ಹಳೆಯದರಷ್ಟೇ ಇರಲಿ.

ಇನ್ನು ಎಲ್ಲರೂ ಮರೆಯುವ ಕೆಲಸ. ಅಡ್ಡ ತಗಡುಗಳನ್ನು ಬೆಸೆಯುವ ಮೊದಲು ಪ್ರತಿಯೊಂದರ ತಳದಂಚಿನಲ್ಲಿ ಕಿರುಬೆರಳ ಉಗುರಿನಷ್ಟು ಅರ್ಧಚಂದ್ರ ಕತ್ತರಿಸಿ. ಇಲ್ಲದಿದ್ದರೆ ಮೂರು ಕೋಣೆಯಲ್ಲೂ ಮೂರು ಕೆರೆ. ಸೈಲೆನ್ಸರ್ ಕೂತಾಗ ಅತಿ ತಗ್ಗಿನ ಜಾಗ ಯಾವುದು ಅಂತ ಜೀಪಿನ ಕೆಳಗೆ ಮಲಗಿ ನೋಡಿ, ಅಲ್ಲಿ 3 ಮಿ.ಮೀ. ತೂತು ಕೊರೆಯಿರಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಅಲ್ಲಿಂದ ಕಪ್ಪು ನೀರು ತೊಟ್ಟಿಕ್ಕಿದರೆ ಕೆಲಸ ಸರಿಯಾಗಿದೆ. ಮಸಿ ಕಟ್ಟಿಕೊಂಡರೆ ತಂತಿ ಹಾಕಿ ಬಿಡಿಸಿ. ನೇತು ಹಾಕುವುದು ರಬ್ಬರಿನಲ್ಲಿ. ಚಾಸಿಗೆ ಬೆಸೆದರೆ ನಿಮ್ಮ ತೋಟದ ರಸ್ತೆಗೆ ವಾರದಲ್ಲಿ ಸೀಳುತ್ತದೆ. ಪೆಟ್ರೋಲ್ ಪೈಪಿನಿಂದ ಕನಿಷ್ಠ 35 ಮಿ.ಮೀ. ದೂರ ಇರಬೇಕು ಅಂತ ಮೋಟಾರು ವಾಹನ ನಿಯಮವೇ ಇದೆ. ನಾನಾದರೆ ನಾಲ್ಕು ಬೆರಳು ಬಿಡುತ್ತೇನೆ.

ಕೊನೆಗೆ, ನನ್ನನ್ನು ಹೆದರುಪುಕ್ಕಲ ಅಂದರೂ ಪರವಾಗಿಲ್ಲ, ಹೊಗೆಪೈಪಿನ ಬಾಯಿ ಜೀಪಿನ ಬಾಡಿಯಿಂದ ಹೊರಗೆ ಬರಲೇಬೇಕು. ಮಳೆಯಲ್ಲಿ ಪಕ್ಕದ ಪರದೆ ಕಟ್ಟಿ ಹಿಂದೆ ತೆರೆದು ಓಡಿಸುತ್ತೀರಿ. ಗಾಡಿ ಓಡುವಾಗ ಹಿಂದಿನ ಗಾಳಿ ಒಳಗೇ ಎಳೆದುಕೊಳ್ಳುತ್ತದೆ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತಕ್ಕೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಕ್ಕಿ ಬಿಗಿಯಾಗಿ ಅಂಟುತ್ತದೆ. ಸಂಪಾಜೆ ಘಾಟಿಯಲ್ಲಿ ಹಿಂದೆ ಕೂತವರಿಗೆ ತಲೆನೋವು, ವಾಂತಿ ಆದರೆ ಎಲ್ಲರೂ ತಿರುವಿಗೆ ಬೈಯುತ್ತಾರೆ. ಒಮ್ಮೆ ಸೈಲೆನ್ಸರ್ ಜಾಯಿಂಟ್ ನೋಡಿ ಆಮೇಲೆ ಬೈಯಿರಿ. ನೋಡುವುದು ಸುಲಭ: ಬಯಲಲ್ಲಿ, ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಒದ್ದೆ ಗೋಣಿಯಿಂದ ಪೈಪಿನ ಬಾಯಿ ಒಂದು ಗಳಿಗೆ ಒತ್ತಿ ಹಿಡಿಯಿರಿ. ನೀವು ಕೊರೆದ ತೂತು ಬಿಟ್ಟು ಬೇರೆಲ್ಲಾದರೂ ಬುಸ್ ಅಂದರೆ ಮತ್ತೆ ಬೆಸೆಯಿರಿ.

ಪ್ರಶ್ನೆ: ಖಾಲಿ ಗ್ಯಾಸ್ ಸಿಲಿಂಡರ್ ಕತ್ತರಿಸಿ ಸೈಲೆನ್ಸರ್ ಮಾಡಬಹುದಾ?
ಉತ್ತರ: ಖಾಲಿ ಅಂತ ನಿಮಗೆ ಅನಿಸಿದೆ, ಗ್ರೈಂಡರ್ ಕಿಡಿಗೆ ಅನಿಸಲ್ಲ. ಅಲ್ಲದೆ ಸಿಲಿಂಡರ್ ನಿಮ್ಮದಲ್ಲ, ಕಂಪನಿಯದು.

ಪ್ರಶ್ನೆ: ಬೈಕಿನ ಸೈಲೆನ್ಸರ್ ಒಳಗಿನ ತಗಡು ತೆಗೆದರೆ ಮೈಲೇಜ್ ಬರುತ್ತಂತೆ? (ಗೋಣಿಕೊಪ್ಪದ ವಿದ್ಯಾರ್ಥಿ)
ಉತ್ತರ: ಬರುವುದು 10,000 ರೂಪಾಯಿವರೆಗೆ ದಂಡ. ಲೈಸೆನ್ಸೂ ಮೂರು ತಿಂಗಳು ಹೋಗಬಹುದು. ಸದ್ದು ಬೇಕಿದ್ದರೆ ವಾಲಗಕ್ಕೆ ಹೋಗಿ ಕುಣಿಯಿರಿ.

ಪ್ರಶ್ನೆ: ಬಿಎಸ್6 ಡೀಸೆಲ್ ಗಾಡಿಯ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕಿತ್ತು ಸಾದಾ ಪೈಪ್ ಹಾಕಿಸಲಾ?
ಉತ್ತರ: ಬೇಡ.

ಪ್ರಶ್ನೆ: ತೂತಿಗೆ ಹಾಲಿನ ಪುಡಿ ಡಬ್ಬಿಯ ತಗಡು ಸುತ್ತಿ ಬೈಂಡಿಂಗ್ ವೈರ್ ಬಿಗಿದಿದ್ದೇನೆ. ಎಂಟು ತಿಂಗಳಾಯಿತು. ಇನ್ನೆಷ್ಟು ದಿನ ತಡೆಯುತ್ತದೆ?
ಉತ್ತರ: ಅದು ಗ್ಯಾರೇಜ್ ತಲುಪುವವರೆಗೆ ಅಂತ ಮಾಡುವ ಉಪಾಯ. ಗ್ಯಾರೇಜ್ ಅಷ್ಟು ದೂರ ಇದೆಯಾ?