ಕಾರವಾರ, ಶಿರಸಿಯ ಆಸ್ಪತ್ರೆಗಳಲ್ಲಿ ನರ್ಸ್‌ಗಳು ದಣಿದು ಕೆಲಸ ಬಿಡುವುದನ್ನು ತಡೆಯುವುದು ಹೇಗೆ?

ಮೊದಲು ಡ್ಯೂಟಿ ಪಟ್ಟಿ ಸರಿಪಡಿಸಬೇಕು. ಯೋಗ ಶಿಬಿರ, ಸನ್ಮಾನದ ಶಾಲು ಆಮೇಲೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಈ ಬಳಲಿಕೆಯನ್ನು ರೋಗವೆಂದು ಕರೆಯಲಿಲ್ಲ, ನಿಭಾಯಿಸದೆ ಬಿಟ್ಟ ಕೆಲಸದ ಒತ್ತಡದ ಫಲವೆಂದು ಗುರುತಿಸಿತು. ಹಾಗಾಗಿ ಪರಿಹಾರವೂ ವಾರ್ಡಿನಲ್ಲೇ ಆಗಬೇಕು. ರಾತ್ರಿ ಪಾಳಿ ಮುಗಿಸಿದವರನ್ನು ಅದೇ ಮಧ್ಯಾಹ್ನ ಮತ್ತೆ ಕರೆಯುವುದು ಅನ್ಯಾಯ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಷ್ಟ ಇನ್ನೊಂದಿದೆ. ಗಂಭೀರ ರೋಗಿಯನ್ನು ಹುಬ್ಬಳ್ಳಿಗೋ ಮಣಿಪಾಲಕ್ಕೋ ಸಾಗಿಸುವಾಗ ನರ್ಸ್ ಒಬ್ಬರು ಆಂಬುಲೆನ್ಸ್ ಹತ್ತಿದರೆ, ಘಟ್ಟದ ತಿರುವುಗಳಲ್ಲಿ ಒಂದು ಕೈಯಲ್ಲಿ ಸ್ಟ್ರೆಚರ್, ಇನ್ನೊಂದರಲ್ಲಿ ಡ್ರಿಪ್ ಹಿಡಿದೇ ಸಾಗಬೇಕು. ಇತ್ತ ವಾರ್ಡಿನಲ್ಲಿ ಉಳಿದ ನರ್ಸ್‌ಗಳ ಮೇಲೆ ಅವರ ರೋಗಿಗಳ ಹೊಣೆಯೂ ಬೀಳುತ್ತದೆ. ಅಂಥ ಪ್ರಯಾಣಕ್ಕೆ ಬದಲಿ ಸಿಬ್ಬಂದಿಯೂ ಮರುದಿನ ರಜೆಯೂ ಕಡ್ಡಾಯವಾಗಲಿ. ಗುತ್ತಿಗೆ ನರ್ಸ್‌ಗಳಿಗೆ ಸಂಬಳ ಸಕಾಲಕ್ಕೆ ಸಿಗಲಿ. ರೋಗಿಯ ಕಡೆಯವರು ಕೂಗಾಡಿದಾಗ ಮೇಲಧಿಕಾರಿ ಖುದ್ದಾಗಿ ಬಂದು ಸಿಸ್ಟರ್ ಪಕ್ಕ ನಿಲ್ಲಲಿ.