ದಾಖಲೆಯ ಓಟ ನೋಡಿ ನಮ್ಮಂಥವರಿಗೆ ಹುರುಪು ಬರುವುದು ಹೇಗೆ?

ನಿಮ್ಮ ಪ್ರಶ್ನೆ ಇದು: ಪುಣೆಗೆ ಬಂದ ಮೇಲೆ ಓಡಲು ಶುರು ಮಾಡಿದ್ದೀರಿ. ಆದರೆ ವಿಶ್ವದಾಖಲೆಯ ವಿಡಿಯೋ ನೋಡಿದಾಗಲೆಲ್ಲ "ಇವರ ಮುಂದೆ ನಾನು ಓಡಿ ಏನಾಗಬೇಕು" ಅನ್ನಿಸುತ್ತದೆ. ಬೇರೆಯವರಿಗೆ ಅದೇ ವಿಡಿಯೋದಿಂದ ಹುರುಪು ಬರುವುದು ಹೇಗೆ?

ನಾನೂ ಪುಣೆಯಲ್ಲೇ ಇರುವವನು, ಊರು ಗದಗ. ಬೆಳಿಗ್ಗೆ ನನ್ನನ್ನು ಹಾಸಿಗೆಯಿಂದ ಎಬ್ಬಿಸುವುದೇ ಈ ದಾಖಲೆಗಳು. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 9.58 ಸೆಕೆಂಡಿಗೆ 100 ಮೀಟರ್ ಮುಗಿಸಿದ್ದನ್ನು ನೋಡಿ ಖುಷಿಪಡಬಹುದು, ಅಷ್ಟೇ. ನಮ್ಮ ಓಟಕ್ಕೆ ಅದರಿಂದ ತೆಗೆದುಕೊಳ್ಳುವಂಥದ್ದು ಕಮ್ಮಿ. ಒಂದೇ ಓಟ ನೋಡುವುದನ್ನು ಬಿಡಿ. ಒಬ್ಬ ಓಟಗಾರರ ದಾಖಲೆಗಳನ್ನೆಲ್ಲ ಒಂದರ ಕೆಳಗೊಂದು ಬರೆದು ನೋಡಿ.

ನಾನು ಬರೆದಿಟ್ಟುಕೊಂಡಿರುವುದು ಅವಿನಾಶ್ ಸಾಬ್ಳೆ ಅವರದ್ದು. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಮಾಂಡ್ವಾ ಎಂಬ ಹಳ್ಳಿಯವರು, ರೈತರ ಮಗ. ಸೇನೆ ಸೇರಿ ಸಿಯಾಚಿನ್‌ನಲ್ಲೂ ಇದ್ದು ಬಂದವರು. ಇಲ್ಲಿಯ ಗ್ರೌಂಡಿನಲ್ಲಿ ಹಿರಿಯರೆಲ್ಲ "ಆಪ್ಲಾ ಅವಿನಾಶ್" (ನಮ್ಮ ಅವಿನಾಶ್) ಅಂತಲೇ ಮಾತಾಡುತ್ತಾರೆ. ಅವರ ಓಟ 3000 ಮೀಟರ್ ಸ್ಟೀಪಲ್‌ಚೇಸ್. ದಾರಿಯಲ್ಲಿ 28 ತಡೆ, ಜೊತೆಗೆ 7 ಸಲ ನೀರಿನ ಹೊಂಡ.

ಈ ಓಟದಲ್ಲಿ ಗೋಪಾಲ್ ಸೈನಿ 1981ರಲ್ಲಿ ಮಾಡಿದ್ದ 8 ನಿಮಿಷ 30.88 ಸೆಕೆಂಡಿನ ರಾಷ್ಟ್ರೀಯ ದಾಖಲೆ 37 ವರ್ಷ ಹಾಗೇ ಕೂತಿತ್ತು. 2018ರಲ್ಲಿ ಭುವನೇಶ್ವರದಲ್ಲಿ ಸಾಬ್ಳೆ ಅದನ್ನು ಮುರಿದರು: 8:29.80. ಆಮೇಲೆ ತಮ್ಮದನ್ನೇ ಮುರಿಯುತ್ತಾ ಹೋದರು. 8:28.94. 8:25.23. 8:21.37. 8:20.20. 8:18.12. 8:16.21. 8:12.48. 8:11.20. ಕೊನೆಗೆ 2024ರ ಜುಲೈನಲ್ಲಿ ಪ್ಯಾರಿಸ್ ಡೈಮಂಡ್ ಲೀಗ್ ಎಂಬ ಅಂತರರಾಷ್ಟ್ರೀಯ ಕೂಟದಲ್ಲಿ 8:09.91.

ಈ ಸಾಲನ್ನು ನಿಧಾನವಾಗಿ ಓದಿ. ಎರಡನೇ ಸಲ ಒಂದು ಸೆಕೆಂಡೂ ಪೂರ್ತಿ ಇಳಿದಿಲ್ಲ. 2019ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮಾತ್ರ ಹೀಟ್ಸ್‌ನಿಂದ (ಮೊದಲ ಸುತ್ತಿನ ಓಟದಿಂದ) ಫೈನಲ್‌ಗೆ, ಮೂರೇ ದಿನದಲ್ಲಿ, ಹತ್ತಿರಹತ್ತಿರ ನಾಲ್ಕು ಸೆಕೆಂಡು ಇಳಿದಿದೆ. ಆ ಹೀಟ್ಸ್‌ನಲ್ಲಿ ಇನ್ನೊಬ್ಬ ಓಟಗಾರ ಅಡ್ಡ ಬಂದು ಸಾಬ್ಳೆ ಅವರ ಓಟಕ್ಕೆ ತೊಡಕಾಗಿತ್ತು. ಭಾರತ ಆಕ್ಷೇಪ ಸಲ್ಲಿಸಿದ ಮೇಲೆ ಅವರನ್ನು ಫೈನಲ್‌ಗೆ ಸೇರಿಸಿಕೊಂಡರು. ಇನ್ನು 8:11.20ರಿಂದ 8:09.91ಕ್ಕೆ ಬರಲು ಹೆಚ್ಚುಕಮ್ಮಿ ಎರಡು ವರ್ಷ ಹಿಡಿಯಿತು. ಒಂದು ಸೆಕೆಂಡು ಚಿಲ್ಲರೆಗೆ ಎರಡು ವರ್ಷ!

ನನಗೆ ಇದಕ್ಕಿಂತ ಜಾಸ್ತಿ ತಟ್ಟಿದ್ದು ಬೇರೆ. 2021ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅವರು 8:18.12ರ ಹೊಸ ದಾಖಲೆ ಮಾಡಿಯೂ ಫೈನಲ್ ತಲುಪಲಿಲ್ಲ. ಪ್ಯಾರಿಸ್‌ನಲ್ಲಿ 8:09.91 ಓಡಿದಾಗ ಬಂದದ್ದು ಆರನೇ ಸ್ಥಾನ. ಇಥಿಯೋಪಿಯಾದ ಲಮೇಚಾ ಗಿರ್ಮಾ ಅವರ 7:52.11ರ ವಿಶ್ವದಾಖಲೆಗೂ ಸಾಬ್ಳೆ ಅವರಿಗೂ ಈಗಲೂ ಸುಮಾರು 18 ಸೆಕೆಂಡು ಅಂತರ ಇದೆ. ಅಂದರೆ ನಮ್ಮ ದೇಶದ ಅತಿ ವೇಗದ ಸ್ಟೀಪಲ್‌ಚೇಸರ್ ಕೂಡ ಎಷ್ಟೋ ಸಲ ಮುಂದಿನವರ ಬೆನ್ನು ನೋಡಿಕೊಂಡೇ ಓಡಿದ್ದಾರೆ, ಆ ಓಟದಲ್ಲೇ ತಮ್ಮ ಜೀವನದ ಅತ್ಯುತ್ತಮ ಸಮಯವನ್ನೂ ಮಾಡಿದ್ದಾರೆ. ಎರಡೂ ಒಟ್ಟಿಗೆ ಆಗಬಹುದು ಅಲ್ವಾ? ನಿಮ್ಮ ಬೇಸರಕ್ಕೆ ನನ್ನ ಉತ್ತರ ಇಲ್ಲೇ ಇದೆ.

ವಿಡಿಯೋ ಬರೀ ನೋಡಿದರೆ ಸಾಲದು, ಸ್ವಲ್ಪ ಕಾಲಿಗೂ ಗೊತ್ತಾಗಬೇಕು. ಸಾರಸ್‌ಬಾಗ್ ಎದುರಿನ ಸಣಸ್ ಗ್ರೌಂಡಿನಲ್ಲಿ ಸಿಂಥೆಟಿಕ್ ಟ್ರ್ಯಾಕ್ ಇದೆ. ಸಾಬ್ಳೆ ಅವರ ಪ್ಯಾರಿಸ್ ವೇಗವನ್ನು ಲೆಕ್ಕ ಹಾಕಿದರೆ 200 ಮೀಟರಿಗೆ 33 ಸೆಕೆಂಡಿಗಿಂತ ಚೂರು ಕಮ್ಮಿ ಬರುತ್ತದೆ. ಚೆನ್ನಾಗಿ ಮೈ ಬಿಸಿ ಮಾಡಿಕೊಂಡು ಅರ್ಧ ಸುತ್ತು ಅದೇ ವೇಗದಲ್ಲಿ ಓಡಿ ನೋಡಿ. ತಿರುವಿನಲ್ಲಿ ಹಾಯಾಗಿರುತ್ತದೆ, ಕೈಕಾಲು ಹಗುರ. ನೇರ ದಾರಿಗೆ ಬಿದ್ದ ಮೇಲೆ ಹೆಜ್ಜೆ ಚಿಕ್ಕದಾಗುತ್ತದೆ, ಭುಜ ಕಿವಿಯತ್ತ ಏರುತ್ತದೆ, ಗಂಟಲು ಒಣಗುತ್ತದೆ. ಗೆರೆ ದಾಟಿ ಮೊಣಕಾಲಿಗೆ ಕೈಕೊಟ್ಟು ನಿಂತಾಗ ನೆನೆಸಿಕೊಳ್ಳಿ: ಅವರು ಇಂಥ ಹದಿನೈದನ್ನು ಒಂದೇ ಉಸಿರಿಗೆ, ತಡೆ ಹಾರುತ್ತಾ, ನೀರಿಗೆ ಇಳಿಯುತ್ತಾ ಮುಗಿಸಿದ್ದಾರೆ. ನನಗಂತೂ ಆಗ ಕೀಳರಿಮೆ ಬರಲಿಲ್ಲ, ಮೈ ಜುಂ ಅಂದಿತು. ಟಿವಿಯಲ್ಲಿ ಸಲೀಸಾಗಿ ಕಾಣುತ್ತಿದ್ದ ಓಟ ಎಂಥ ಕೆಲಸ ಅಂತ ಗೊತ್ತಾಯಿತು. ಅವರ ವೇಗದಲ್ಲಿ ಅರ್ಧ ಸುತ್ತಾದರೂ ಇದ್ದೆನಲ್ಲ ಅನ್ನುವ ಸಂತೋಷವೂ ಆಯಿತು.

ರೋಜರ್ ಬ್ಯಾನಿಸ್ಟರ್ 1954ರಲ್ಲಿ ಒಂದು ಮೈಲಿಯನ್ನು ಮೊದಲ ಬಾರಿಗೆ ನಾಲ್ಕು ನಿಮಿಷದೊಳಗೆ, 3:59.4ಕ್ಕೆ, ಓಡಿದ ಕಥೆಯನ್ನು ನಿಮಗೂ ಯಾರೋ ಹೇಳಿರುತ್ತಾರೆ, "ಎಲ್ಲಾ ಮನಸ್ಸಿನಲ್ಲೇ ಇದೆ" ಅಂತ. ಆ ಓಟದಲ್ಲಿ ಕ್ರಿಸ್ ಬ್ರಾಷರ್, ಕ್ರಿಸ್ ಚಾಟವೇ ಇಬ್ಬರೂ ಮುಂದೆ ಓಡಿ ವೇಗ ಹಿಡಿದುಕೊಟ್ಟಿದ್ದರು. ಹೇಳುವವರು ಅದನ್ನು ಬಿಟ್ಟುಬಿಡುತ್ತಾರೆ. ನನಗೆ ಅದೇ ಮುಖ್ಯ. ನಮ್ಮ ಭಾನುವಾರದ ಗುಂಪಿನಲ್ಲಿ ಹುಬ್ಬಳ್ಳಿ, ವಿಜಯಪುರ ಕಡೆಯವರು ಇದ್ದಾರೆ. ನಾನು ಗಡಿಯಾರ ನೋಡಿ ಮುಖ ಸಣ್ಣಗೆ ಮಾಡಿಕೊಂಡರೆ ಒಬ್ಬರು ಬಿಡುವುದಿಲ್ಲ: "ಯಾಕ್ರೀ ಸರ, ಹೋದ ವಾರಕ್ಕಿಂತ ಎರಡು ಸೆಕೆಂಡ್ ಕಮ್ಮಿ ಆತಲ್ರಿ!" ಒಬ್ಬರೇ ಓಡುತ್ತಿದ್ದರೆ ಇಂಥವರನ್ನು ಮೊದಲು ಹುಡುಕಿಕೊಳ್ಳಿ.

ಮನಸ್ಸು ತೀರಾ ಕುಗ್ಗಿದ ದಿನ ಕೀನ್ಯಾದ ಫೇತ್ ಕಿಪ್ಯೆಗಾನ್ ಅವರ 2025ರ ಎರಡು ಓಟ ನೋಡಿ. ಜೂನ್ 26ರಂದು ಪ್ಯಾರಿಸ್‌ನಲ್ಲಿ ಮೈಲಿಯನ್ನು ನಾಲ್ಕು ನಿಮಿಷದೊಳಗೆ ಓಡಲು ಹೊರಟರು. ವಿಶೇಷ ಬಟ್ಟೆ, ವಿಶೇಷ ಶೂ, ಸುತ್ತ ವೇಗ ಹಿಡಿಯುವವರ ದಂಡು. ಆದರೂ ನಾಲ್ಕು ನಿಮಿಷದ ಮೇಲೆ ಆರು ಸೆಕೆಂಡಿಗೂ ಜಾಸ್ತಿ ಹಿಡಿಯಿತು. ಒಂಬತ್ತೇ ದಿನದಲ್ಲಿ ಯುಜೀನ್‌ನಲ್ಲಿ 1500 ಮೀಟರ್ ವಿಶ್ವದಾಖಲೆ: 3:48.68. ಒಬ್ಬ ಮಗಳ ತಾಯಿ ಅವರು.

ಸಾಬ್ಳೆ ಅವರದ್ದರಲ್ಲಿ ಮೊದಲು ನೋಡಬೇಕಾದದ್ದು 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಗೇಮ್ಸ್ ಓಟ. 1998ರಿಂದ ಆ ಸ್ಪರ್ಧೆಯ ಮೂರೂ ಪದಕ ಪ್ರತಿಸಲ ಕೀನ್ಯಾಕ್ಕೇ ಹೋಗುತ್ತಿತ್ತು. ಸಾಬ್ಳೆ ಕೊನೆಯ ನೇರ ದಾರಿಯಲ್ಲಿ ಅಬ್ರಹಾಂ ಕಿಬಿವೋಟ್ ಅವರನ್ನು ಅಟ್ಟಿಸಿಕೊಂಡು ಬಂದು 0.05 ಸೆಕೆಂಡಿನಲ್ಲಿ ಚಿನ್ನ ತಪ್ಪಿ ಬೆಳ್ಳಿ ಗೆದ್ದರು. ಕೊನೆಯ ಸುತ್ತನ್ನು ಎರಡು ಸಲ ನೋಡಿ, ಮಾರನೇ ದಿನ ಬೆಳಿಗ್ಗೆ ಟ್ರ್ಯಾಕಿಗೆ ಹೋಗಿ. ನಿಮ್ಮ 200 ಮೀಟರ್ ಎಷ್ಟು ಬಂತು ಅಂತ ಇಲ್ಲೇ ಕೆಳಗೆ ಬರೆಯಿರಿ. ಸ್ವಾರ್‌ಗೇಟ್ ಕಡೆ ಇದ್ದರೆ ಭಾನುವಾರ ನಮ್ಮ ಗುಂಪಿಗೇ ಬಂದುಬಿಡಿ.