ಬೀರು ಹತ್ತುವ 7 ಕೆಜಿ ಬೆಕ್ಕಿಗೆ ಮೆಟ್ಟಿಲು

ನಿಮ್ಮ 7 ಕೆಜಿ ಬೆಕ್ಕು ಬೀರು ಹತ್ತೋದನ್ನು ಬಿಡಿಸಬೇಕಾ ಅಂತ ಕೇಳಿದ್ದೀರಿ. ಬಿಡಿಸಬೇಡಿ, ಮೆಟ್ಟಿಲು ಮಾಡಿಕೊಡಿ. ಹತ್ತುವುದಕ್ಕಿಂತ ಕೆಳಗೆ ಜಿಗಿಯುವಾಗಲೇ ಪೆಟ್ಟು ಜಾಸ್ತಿ. ಭಾರವೆಲ್ಲ ಮೊದಲು ಮುಂಗಾಲಿನ ಮೇಲೆ ಬೀಳುತ್ತೆ ಅಲ್ವಾ? ದಾವಣಗೆರೆಯ ನಮ್ಮ ಮನೆಯದು ಟೈಲ್ಸ್ ನೆಲ, ನಮ್ಮ ಬೆಕ್ಕಿನ ಕಾಲೂ ಜಾರುತ್ತಿತ್ತು. ಬೀರು ಪಕ್ಕ ಅಲುಗಾಡದ ಟ್ರಂಕು, ಅದರ ಮುಂದೆ ಗಿಡ್ಡ ಸ್ಟೂಲು ಇಟ್ಟೆ. ಇಳಿಯುವ ಜಾಗದಲ್ಲಿ ಜಾರದ ಮ್ಯಾಟ್, ಅದರ ಮೇಲೆ ಹಳೇ ಕೌದಿ. ಈಗ ಒಂದೊಂದೇ ಹಂತ ಇಳಿದು ಬರುತ್ತಾಳೆ, ನೋಡಿದರೆ ಮನಸ್ಸಿಗೆ ಎಷ್ಟೋ ಸಮಾಧಾನ.

ತೂಕ ಇಳಿಸಲೇಬೇಕು, ಆದರೆ ನಿಧಾನವಾಗಿ. ವಾರಕ್ಕೆ ಮೈತೂಕದ ಶೇ. 1, ಅಂದರೆ ಸುಮಾರು 70 ಗ್ರಾಂ ಸಾಕು. ಉಪವಾಸ ಕೆಡವಬೇಡಿ. ದಪ್ಪ ಬೆಕ್ಕು ಕೆಲವೇ ದಿನ ಊಟ ಬಿಟ್ಟರೂ ಲಿವರ್‌ನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಕುತ್ತು. ಕುಂಟಿದರೆ ಪಶುವೈದ್ಯರಿಗೆ ತೋರಿಸಿ. ಪ್ಯಾರಾಸಿಟಮಾಲ್ ಮಾತ್ರ ಕೊಡಲೇಬೇಡಿ, ಬೆಕ್ಕಿಗೆ ಅದು ವಿಷ.